ಅತ್ತಿಗೆಯ ಬಟನ್ ಫೋನು

ನನ್ನ ಗಂಡನ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಮೊದಲು ಕಣ್ಣಿಗೆ ಬಂತು, ಆಮೇಲೆ ನಿಧಾನವಾಗಿ ಬೆರಳ ತುದಿಗಳಿಗೆ. ಬಿಸಿ ಲೋಟ ಹಿಡಿದರೆ ಅದು ಬಿಸಿಯೆಂದು ಅವರಿಗೆ ತಿಳಿಯುವಷ್ಟರಲ್ಲಿ ಚರ್ಮ ಕೆಂಪಾಗಿರುತ್ತದೆ. ಕುಂದಾಪುರದ ಕಡೆಯಿಂದ ಹುಡುಗಿಯಾಗಿದ್ದಾಗಲೇ ಮದ್ರಾಸಿಗೆ ಬಂದವರು. ಅಣ್ಣಾ ನಗರದಲ್ಲಿ ಮನೆಯವರ ಸಸ್ಯಾಹಾರಿ ಹೋಟೆಲಿದೆ. ಅಲ್ಲಿಗೆ ಬೇಕಾದ ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲ ಬಹಳ ವರ್ಷ ಅವರ ಕೈಯಲ್ಲೇ ಆಗುತ್ತಿತ್ತು. ಮದುವೆಯಾಗಲಿಲ್ಲ. ಈಗ ಮಾಧವರಂನ ನಮ್ಮ ಫ್ಲಾಟಿನಲ್ಲಿ, ಬಾಲ್ಕನಿಯ ಪಕ್ಕದ ಕೋಣೆಯಲ್ಲಿ ಇರುತ್ತಾರೆ.

ನಾನು ಮೈಸೂರಿನ ಕಡೆಯವಳು. ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷಿಸುವ ಕೆಲಸ ನನ್ನದು. ನಮ್ಮ ಮನೆಯ ಮಾತು ಒಂದು ಕಲಸುಮೇಲೋಗರ. ಗಂಡ ಹೋಟೆಲಿನಿಂದ ತಮಿಳು ಆಡುತ್ತಲೇ ಮೆಟ್ಟಿಲು ಹತ್ತುತ್ತಾರೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಅತ್ತಿಗೆ ನನ್ನೊಡನೆ ಆಡುವ ಕನ್ನಡವೂ ನನಗೋಸ್ಕರ ನೆಟ್ಟಗೆ ಮಾಡಿಕೊಂಡ ಕನ್ನಡ. ಅವರ ನಿಜವಾದ ಮಾತು ನನಗೆ ಕೇಳಿಸುತ್ತಿದ್ದದ್ದು ಕೋಣೆಯ ಬಾಗಿಲ ಹಿಂದಿನಿಂದ, ಅವರು ಊರಿನ ಗೆಳತಿಗೆ ಧ್ವನಿ ಸಂದೇಶ ಕಳಿಸುವಾಗ.

ಆ ಗೆಳತಿ ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ಅವರಿಗೆ ಕಿವಿ ಮಂದ. ಫೋನ್ ಮಾಡಿದರೆ "ಹಾಂ? ಎಂತ? ಕೇಂತಿಲ್ಲೆ" ಎಂದು ಕೂಗಿ ಕೂಗಿ ಸಾಕಾಗಿ ಇಟ್ಟುಬಿಡುತ್ತಿದ್ದರು. ಧ್ವನಿ ಸಂದೇಶವಾದರೆ ಹಾಗಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ತಿಳಿಯುವ ತನಕ ಮತ್ತೆ ಮತ್ತೆ ಹಾಕಿಕೊಳ್ಳಬಹುದು. ಹಾಗಾಗಿ ಇಬ್ಬರ ದಿನನಿತ್ಯದ ಹರಟೆ ಅದರಲ್ಲೇ ನಡೆಯುತ್ತಿತ್ತು. "ಹೆಣೆ, ಉಂಡ್ಯಾ? ನಮ್ಮನಿ ದನ ಕರು ಹಾಕಿತ್" ಎಂದು ಅಲ್ಲಿಂದ ಬಂದರೆ, "ಅದಕ್ಕೆ ನನ್ ಹೆಸ್ರ್ ಇಡ್ಬೇಡ ಕಾಣ್!" ಎಂದು ಇಲ್ಲಿಂದ ಹೋಗುತ್ತಿತ್ತು. ಆಮೇಲೆ ಅತ್ತಿಗೆ ಒಬ್ಬರೇ ಕೂತು ನಗುತ್ತಿದ್ದರು. ಅವರು ಹಾಗೆ ನಗುವುದನ್ನು ಊಟದ ಮೇಜಿನಲ್ಲಿ ನಾನು ಕಂಡವಳಲ್ಲ.

ಅತ್ತಿಗೆಯ ಫೋನು ಹಳೆಯ ಕಾಲದ ಆಂಡ್ರಾಯ್ಡ್. ಮೇಲೆ ಸಣ್ಣ ಸ್ಕ್ರೀನು, ಕೆಳಗೆ ನಿಜವಾದ ಬಟನ್‌ಗಳು. ಗಾಜಿನ ಸ್ಕ್ರೀನಿನ ಮೇಲೆ ಅವರ ಬೆರಳು ಎಲ್ಲಿದೆಯೆಂದು ಅವರಿಗೇ ಗೊತ್ತಾಗುವುದಿಲ್ಲ. ಬಟನ್ ಒತ್ತಿದರೆ ತುದಿಗೆ ಗೊತ್ತಾಗದಿದ್ದರೂ ಆ ಟಕ್ ಎನ್ನುವುದು ಬೆರಳಿನ ಗಂಟಿನವರೆಗೆ ಬಂದು ತಲುಪುತ್ತದೆ. ಕಣ್ಣು ಪೂರ್ತಿ ಹೋದ ವರ್ಷ ನಾನು ಆ ಫೋನನ್ನು ರೂಟ್ ಮಾಡಿದ್ದೆ. ರೂಟ್ ಮಾಡುವುದೆಂದರೆ, ಕಂಪನಿ ಮುಚ್ಚಿಟ್ಟ ಒಳಗಿನ ಭಾಗಗಳನ್ನು ನಾವೇ ತೆರೆದು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳುವುದು. ಹಸಿರು ಬಟನ್ ಒತ್ತಿದರೆ ನೇರ ಗೆಳತಿಯ ಪುಟ ತೆರೆಯಬೇಕು, ನಕ್ಷತ್ರದ ಬಟನ್ ಹಿಡಿದರೆ ಮಾತು ರೆಕಾರ್ಡ್ ಆಗಬೇಕು, ಬಿಟ್ಟರೆ ಹೋಗಬೇಕು, ಅದೇ ಸಾಲಿನ ಆಚೆ ತುದಿಯ ಬಟನ್ ಒತ್ತಿದರೆ ಬಂದ ಸಂದೇಶ ಕೇಳಬೇಕು. ಹಾಗೆ ಮಾಡಿಕೊಟ್ಟಿದ್ದೆ. ಅದಾದ ಮೇಲೆ ಅತ್ತಿಗೆಗೆ ಅದರಲ್ಲಿ ಯಾರ ಸಹಾಯವೂ ಬೇಕಾಗಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಮಾತಾಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಅತ್ತಿಗೆ ಕರೆದರು.

"ಸ್ವಲ್ಪ ಬಾ ಮಾರಾಯ್ತಿ. ಇದು ಎಂತದೋ ಇಂಗ್ಲಿಷಲ್ಲಿ ಹೇಳ್ತಾ ಉಂಟು. ಮುಂಚೆ ಹೇಳಿದ್ದಲ್ಲ."

ಸ್ಕ್ರೀನಿನಲ್ಲಿ ಒಂದು ಸೂಚನೆ ನಿಂತಿತ್ತು. ಇನ್ನು ಕೆಲವು ವಾರಗಳಲ್ಲಿ ಈ ಹಳೆಯ ಆಂಡ್ರಾಯ್ಡ್‌ನಲ್ಲಿ ಸಂದೇಶದ ಆ್ಯಪ್ ಕೆಲಸ ಮಾಡುವುದಿಲ್ಲ, ಫೋನನ್ನು ಅಪ್‌ಡೇಟ್ ಮಾಡಿ ಅಥವಾ ಹೊಸ ಫೋನಿಗೆ ಬದಲಾಯಿಸಿ ಎಂದು. ಕಂಪನಿ ಆ ಮಾಡೆಲ್ಲಿಗೆ ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿತ್ತು.

ಏನೆಂದು ಹೇಳಿದೆ. ಅತ್ತಿಗೆ, "ಫೋನ್ ಸರಿಯಾಗೇ ಉಂಟಲ್ಲ? ಹಾಳಾಗಿಲ್ಲ ಅಲ್ವಾ?" ಎಂದು ಕೇಳಿದರು.

"ಹಾಳಾಗಿಲ್ಲ ಅತ್ತಿಗೆ."

"ಮತ್ತೆ ಯಾಕೆ?"

ಆ ಆ್ಯಪ್ ನಡೆಯುವ ಬಟನ್ ಫೋನು ಈಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಗಂಡ ಹೊಸ ಟಚ್ ಫೋನ್ ತಂದುಕೊಟ್ಟರು. ಅತ್ತಿಗೆ ಒಂದು ವಾರ ಅದರೊಡನೆ ಗುದ್ದಾಡಿದರು. ಬೆರಳು ಎಲ್ಲೆಲ್ಲೋ ತಾಗಿ, ಗೆಳತಿಯ ಬದಲು ಗ್ಯಾಸ್ ಏಜೆನ್ಸಿಗೆ ಫೋನ್ ಹೋಯಿತು. ಬಾಯಲ್ಲಿ ಹೇಳಿದರೆ ಮಾಡುತ್ತದೆ ಎಂದು ಮಗಳು ತೋರಿಸಿಕೊಟ್ಟಳು. ಅತ್ತಿಗೆಯ ಕನ್ನಡ ಅದಕ್ಕೆ ಹಿಡಿಸಲಿಲ್ಲ. ಏನು ಹೇಳಿದರೂ ಹವಾಮಾನ ಹೇಳುತ್ತಿತ್ತು. ನಾನು ಒಂದು ಪುಟ್ಟ ವೈರ್‌ಲೆಸ್ ಕೀಪ್ಯಾಡ್ ತಂದು ಜೋಡಿಸಿದೆ. ಅದು ಬಳಸದೆ ಇಟ್ಟರೆ ನಿದ್ದೆಗೆ ಹೋಗುತ್ತಿತ್ತು. ಎಬ್ಬಿಸಿದ ಮೇಲೂ ಎಷ್ಟೋ ಸಲ ಫೋನಿಗೆ ಸೇರಿಕೊಳ್ಳುತ್ತಿರಲಿಲ್ಲ. ಅತ್ತಿಗೆ ಒತ್ತುತ್ತಾ, ಕಾಯುತ್ತಾ, ಮತ್ತೆ ಒತ್ತುತ್ತಾ ಕೂತಿರುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕೊನೆಗೆ ಎರಡನ್ನೂ ಮಂಚದ ಪಕ್ಕಕ್ಕೆ ಸರಿಸಿ ಹಳೆಯ ಫೋನನ್ನೇ ಕೈಗೆತ್ತಿಕೊಂಡರು.

ಆಗ ನನಗೆ ಉಳಿದ ದಾರಿ ಒಂದೇ. ಕಂಪನಿ ಕೈಬಿಟ್ಟ ಫೋನುಗಳಿಗೆ ಹವ್ಯಾಸಿಗಳು ತಾವೇ ಹೊಸ ಆಂಡ್ರಾಯ್ಡ್ ಕಟ್ಟುತ್ತಾರೆ. ಕಸ್ಟಮ್ ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ಹಾಕಿದರೆ ಹಳೆಯ ಫೋನು ಹೊಸದರಂತೆ ನಡೆಯುತ್ತದೆ, ಆ್ಯಪ್ ಕೂಡ ತಕರಾರು ಮಾಡುವುದಿಲ್ಲ. ಅತ್ತಿಗೆಯ ಮಾಡೆಲ್ಲಿಗೆ ಅಂಥದ್ದನ್ನು ಕಟ್ಟಿದವನು ಇಡೀ ಜಗತ್ತಿನಲ್ಲಿ ಒಬ್ಬನೇ. ಯಾವ ದೇಶದವನೋ ಗೊತ್ತಿಲ್ಲ. ಇಂಟರ್ನೆಟ್ಟಿನ ಒಂದು ಫೋರಮ್ಮಿನಲ್ಲಿ ಅವನು ಅದನ್ನು ಹಾಕಿ ವರ್ಷಗಳಾಗಿದ್ದವು. ಕೊಂಡಿಗಳೆಲ್ಲ ಸತ್ತಿದ್ದವು. ಕೆಳಗೆ ಜನ ಬರೆದ ಪ್ರಶ್ನೆಗಳು ಉತ್ತರವಿಲ್ಲದೆ ಬಿದ್ದಿದ್ದವು. ಬಹಳ ಕೇಳಿಕೊಂಡ ಮೇಲೆ ಇನ್ಯಾರೋ ಒಬ್ಬರು ತಮ್ಮ ಬಳಿ ಉಳಿದಿದ್ದ ಫೈಲನ್ನು ಕಳಿಸಿಕೊಟ್ಟರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತಿಗೆಯ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಹೊಸದನ್ನು ಹಾಕುವಾಗ ಫೋನಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಗೆಳತಿಯ ಹಳೆಯ ಸಂದೇಶಗಳನ್ನೆಲ್ಲ ಮೊದಲು ಬೇರೆಡೆ ಇಟ್ಟೆ, ಸರಿಯಾಗಿವೆಯೇ ಎಂದು ತೆರೆದೂ ನೋಡಿದೆ. ಆಮೇಲೆ ಫೋನನ್ನು ಅಳಿಸಿ ಹೊಸದನ್ನು ಹಾಕಿದೆ. ಹೊರಗೆ ಬಿಸಿಲು, ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ಅತ್ತಿಗೆ ಮಂಚದ ಮೇಲೆ ಕಾಲು ಮಡಚಿ ಕೂತು ನನ್ನ ಕಡೆ ಕಿವಿ ಕೊಟ್ಟಿದ್ದರು.

"ಎದ್ದಿತಾ?"

"ಏಳ್ತಾ ಇದೆ ಅತ್ತಿಗೆ."

ಸ್ಕ್ರೀನಿನ ನಡುವೆ ಒಂದು ಬಿಳಿ ಉಂಗುರ ತಿರುಗುತ್ತಿತ್ತು. ಮೊದಲ ಸಲ ತಡವಾಗುತ್ತದೆ ಎಂದು ಬರೆದಿತ್ತು, ಕಾದೆ. ಉಂಗುರ ತಿರುಗಿ ತಿರುಗಿ ಕಪ್ಪಾಯಿತು. ಮತ್ತೆ ಕಂಪನಿಯ ಗುರುತು, ಮತ್ತೆ ಉಂಗುರ. ಫೋನು ಪೂರ್ತಿ ಏಳದೆ, ಪೂರ್ತಿ ಮಲಗದೆ, ಅಲ್ಲೇ ಸುತ್ತುತ್ತಿತ್ತು. ಅತ್ತಿಗೆ ಎರಡನೇ ಸಲ ಕೇಳಲಿಲ್ಲ. ನನ್ನ ಉಸಿರಿನಿಂದಲೇ ತಿಳಿದುಕೊಂಡರೆಂದು ಕಾಣುತ್ತದೆ.

ಮುಂದಿನ ಹಲವು ಬೆಳಿಗ್ಗೆಗಳು ಅದಕ್ಕೇ ಹೋದವು. ಕಾಫಿ ಇಟ್ಟು, ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದು ಎಲ್ಲಿ ಎಡವುತ್ತಿದೆಯೆಂದು ಸಾಲು ಸಾಲು ಓದುತ್ತಿದ್ದೆ. ನೆಟ್‌ವರ್ಕ್ ನೋಡಿಕೊಳ್ಳುವ ಭಾಗ ಹೊಸ ಆಂಡ್ರಾಯ್ಡಿಗೆ ಹೊಂದುತ್ತಿಲ್ಲ ಎಂದು ಕೊನೆಗೆ ತಿಳಿಯಿತು. ಆ ಭಾಗದ ಬೇರೊಂದು ಆವೃತ್ತಿಯನ್ನು ಹುಡುಕಿ ಹಾಕಿದಾಗ ಫೋನು ಎದ್ದಿತು. ಎದ್ದಾಗ ಬಟನ್‌ಗಳೆಲ್ಲ ತಲೆಕೆಳಗಾಗಿದ್ದವು, ಒಂದನ್ನು ಒತ್ತಿದರೆ ಒಂಬತ್ತು ಬರುತ್ತಿತ್ತು. ಅದನ್ನು ಸರಿಮಾಡುವುದು ನನಗೆ ಗೊತ್ತಿತ್ತು. ಯಾವ ಬಟನ್ನಿಗೆ ಯಾವ ಕೆಲಸ ಎಂದು ಬರೆದಿರುವ ಫೈಲನ್ನು ರೂಟ್ ಮೂಲಕ ತೆರೆದು ಒಂದೊಂದಾಗಿ ತಿದ್ದಿದೆ. ಹಸಿರು ಬಟನ್, ನಕ್ಷತ್ರ, ಎಲ್ಲ ಮೊದಲಿನಂತಾಯಿತು. ಹೊಸ ಆಂಡ್ರಾಯ್ಡಿನಲ್ಲಿ ಓದಿ ಹೇಳುವ ಕನ್ನಡ ದನಿಯೂ ಹೊಸದಾಗಿತ್ತು. ಅತ್ತಿಗೆ ಅದನ್ನು ಕೇಳಿ, "ಇವಳು ಯಾವ ಊರಿನವಳು? ಮೂಗಲ್ಲಿ ಮಾತಾಡ್ತಾಳೆ" ಎಂದರು.

ಗೆಳತಿಯ ಸಂದೇಶ ಬಂತು. ಅತ್ತಿಗೆ ಬಟನ್ ಒತ್ತಿ ಕೇಳಿದರು. ಇಷ್ಟು ದಿನ ಸುದ್ದಿಯಿಲ್ಲ ಎಂದು ಬೈಗುಳವೇ ಬೈಗುಳ. ಅತ್ತಿಗೆಯ ಮುಖ ಅರಳಿತು. ನನ್ನ ಕಡೆ ಕೈ ಬೀಸಿ "ಹೋಗು, ಹೋಗು, ನಿಂಗೆ ಬಸ್ಸಿಗೆ ಹೊತ್ತಾಯ್ತು" ಎಂದರು. ನಾನು ಬಾಗಿಲು ಮುಂದೆ ಮಾಡಿ ಹೊರಬಂದೆ. ಒಳಗಿನಿಂದ ಅವರ ಆ ಇನ್ನೊಂದು ಮಾತು ಶುರುವಾದದ್ದು ಕೇಳಿಸಿತು. ಆವತ್ತು ನಿಲ್ಲಲು ಜಾಗವಿಲ್ಲದ ಬಸ್ಸಿನಲ್ಲಿ ಹೋದದ್ದೂ ನನಗೆ ತಿಳಿಯಲಿಲ್ಲ.

ಸಂಜೆ ಬಂದಾಗ ಅತ್ತಿಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಅವಳಿಗೆ ನನ್ ಮಾತು ಕೇಳಲಿಲ್ಲವಂತೆ. ಬರೀ ಗಾಳಿ ಬಂತಂತೆ. ಕಿವಿ ಇನ್ನೂ ಹಾಳಾಯ್ತೋ ಏನೋ, ಪಾಪ."

ನಾನು ತೆಗೆದುಕೊಂಡು, ಅತ್ತಿಗೆ ಬೆಳಿಗ್ಗೆ ಕಳಿಸಿದ್ದನ್ನು ಹಾಕಿ ಕೇಳಿದೆ. ಉದ್ದನೆಯ ಸಂದೇಶ. ಮೊದಲಿನಿಂದ ಕೊನೆಯವರೆಗೆ ಬರೀ ಸೊಂಯ್ ಎನ್ನುವ ಸದ್ದು. ಗೆಳತಿಯ ಕಿವಿಗೆ ಏನೂ ಆಗಿರಲಿಲ್ಲ. ಹೊಸ ಫರ್ಮ್‌ವೇರ್‌ನಲ್ಲಿ ಮೈಕು ಸತ್ತಿತ್ತು. ವಿಚಿತ್ರವೆಂದರೆ ಕರೆ ಮಾಡಿದರೆ ಆಚೆಯವರಿಗೆ ಮಾತು ಕೇಳುತ್ತಿತ್ತು. ರೆಕಾರ್ಡ್ ಮಾಡಿದರೆ ಮಾತ್ರ ಇಲ್ಲ. ಕರೆಗೆ ಮಾತು ಹೋಗುವ ದಾರಿಯೇ ಬೇರೆ, ರೆಕಾರ್ಡಿಗೆ ಹೋಗುವ ದಾರಿಯೇ ಬೇರೆ. ಆ ಎರಡನೆಯದು ಎಲ್ಲೋ ಮುರಿದಿತ್ತು. ಇಯರ್‌ಫೋನಿನ ಮೈಕು ಹಾಕಿ ನೋಡಿದೆ, ಅದೇ ಕಥೆ.

ಎರಡು ತಿಂಗಳ ಹತ್ತಿರ ಅದರ ಹಿಂದೆ ಬಿದ್ದೆ. ಧ್ವನಿಯ ದಾರಿಗಳನ್ನು ಬರೆದಿಟ್ಟ ಫೈಲನ್ನು ತಿದ್ದುವುದು, ಫೋನನ್ನು ಆರಿಸಿ ಹಚ್ಚುವುದು, "ಒಂದು ಎರಡು ಮೂರು" ಎಂದು ಮೈಕಿಗೆ ಹೇಳಿ ಕೇಳುವುದು. ಒಮ್ಮೆ ಮಾತ್ರ, ಬಹಳ ದೂರದಿಂದ, ಬಾವಿಯೊಳಗಿಂದ ಬಂದಂತೆ ನನ್ನ ದನಿ ಕೇಳಿಸಿತು. ಅತ್ತಿಗೆಯನ್ನು ಕರೆದು ಮಾತಾಡಿಸಿದೆ. ಅವರ ದನಿ ಸದ್ದಿನೊಳಗೆ ಮುಳುಗಿ ಹೋಯಿತು. ಕಿವಿ ಮಂದವಾದವರಿಗೆ ಅದು ಎಲ್ಲಿ ಕೇಳಬೇಕು?

ಫೋರಮ್ಮಿನಲ್ಲಿ ಆ ಫರ್ಮ್‌ವೇರ್ ಕಟ್ಟಿದವನಿಗೆ ಬರೆದೆ. ಇಂಥ ಒಬ್ಬರು ಇದನ್ನೇ ನಂಬಿಕೊಂಡಿದ್ದಾರೆ ಎಂದೂ ತಿಳಿಸಿದೆ. ಒಂದು ದಿನ ಉತ್ತರ ಬಂದೇಬಂತು. ಆ ಫೋನು ಈಗ ತನ್ನ ಬಳಿ ಇಲ್ಲ, ಮೈಕಿನ ತೊಂದರೆ ತನಗೂ ಗೊತ್ತಿತ್ತು, ಆಗಲೂ ಅದನ್ನು ಬಗೆಹರಿಸಲು ಆಗಿರಲಿಲ್ಲ, ನಿಮ್ಮ ಮನೆಯವರಿಗೆ ಒಳ್ಳೆಯದಾಗಲಿ, ಎಂದಿದ್ದ. ಒಳ್ಳೆಯ ಮನುಷ್ಯನೇ ಇರಬೇಕು. ಅವನ ಉತ್ತರ ಓದಿದ ಮೇಲೆ ನನಗೆ ಆಫೀಸಿನಲ್ಲಿ ಏನೂ ಮಾಡಲು ಕೈ ಬರಲಿಲ್ಲ.

ಈ ನಡುವೆ ಹಳೆಯ ಆಂಡ್ರಾಯ್ಡಿನ ಗಡುವು ಮುಗಿದಿತ್ತು. ಹಿಂದಕ್ಕೆ ಹೋದರೆ ಆ್ಯಪ್ ತೆರೆಯುವುದೇ ಇಲ್ಲ. ಹೊಸದರಲ್ಲಿ ಕೇಳಬಹುದು, ಹೇಳಲು ಆಗುವುದಿಲ್ಲ. ಅತ್ತಿಗೆ ದಿನವೂ ಬಂದದ್ದನ್ನು ಕೇಳುತ್ತಿದ್ದರು. ಗೆಳತಿಯ ಸಂದೇಶಗಳು ಬರುತ್ತಲೇ ಇದ್ದವು. "ಎಂತಾಯ್ತ್ ಹೆಣೆ? ಸಿಟ್ಟ್ ಬಂತಾ? ನಾ ಎಂತಾರೂ ಹೇಳ್ದ್ನಾ?" ಅತ್ತಿಗೆ ಅದನ್ನು ಒಮ್ಮೆ ಕೇಳಿ, ಮತ್ತೊಮ್ಮೆ ಕೇಳಿ, ಅಭ್ಯಾಸದಂತೆ ನಕ್ಷತ್ರದ ಬಟನ್ ಹಿಡಿದು ಬಾಯಿ ತೆರೆದು, ಆಮೇಲೆ ನೆನಪಾಗಿ ಬಿಟ್ಟುಬಿಡುತ್ತಿದ್ದರು.

"ನನ್ನ ಫೋನಲ್ಲಿ ಹೇಳಿ ಅತ್ತಿಗೆ. ನಾನು ಹಿಡ್ಕೋತೀನಿ, ನೀವು ಮಾತಾಡಿ" ಎಂದೆ ಒಂದು ದಿನ.

"ಬೇಡ. ಸರಿಯಾದ ಮೇಲೆ ಹೇಳಿದ್ರಾಯ್ತು."

"ಯಾವಾಗ ಸರಿಯಾಗತ್ತೋ ಗೊತ್ತಿಲ್ಲ. ಅವರು ಅಲ್ಲಿ ಏನೇನೋ ಅಂದ್ಕೋತಿದ್ದಾರೆ."

ಕೊನೆಗೆ ಒಪ್ಪಿದರು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಫೋಟೋಕ್ಕೆ ಕೂತವರಂತೆ ಕೂತರು. ನಾನು ಸ್ಕ್ರೀನಿನ ಮೇಲಿನ ರೆಕಾರ್ಡಿನ ಗುರುತು ಒತ್ತಿ ಅವರ ಬಾಯಿಯ ಹತ್ತಿರ ಹಿಡಿದೆ.

"ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಫೋನು ಸ್ವಲ್ಪ ರಿಪೇರಿಯಲ್ಲಿದೆ. ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ."

ಅಷ್ಟೇ. ಕೈ ಬೀಸಿ ಸಾಕು ಎಂದರು. ಅವರು ಗೆಳತಿಗೆ ನಮಸ್ಕಾರ ಹೇಳಿದ್ದು ನಾನು ಹುಟ್ಟಿದ ಮೇಲಂತೂ ಇರಲಾರದು. ನಾನು ಹೊರಗೆ ಹೋಗಿ ನಿಲ್ಲುತ್ತೇನೆ, ನೀವೇ ಹಿಡಿದುಕೊಳ್ಳಿ ಎಂದು ಮತ್ತೊಮ್ಮೆ ಫೋನು ಕೊಟ್ಟೆ. ಬೆರಳು ಗಾಜಿನ ಮೇಲೆ ಜಾರಿ, ಮೊದಲೆರಡು ಮಾತಿಗೇ ನಿಂತುಹೋಯಿತು.

ಗೆಳತಿಯ ಉತ್ತರ ನನ್ನ ಫೋನಿಗೆ ಬಂತು. "ಇದ್ ಯಾರ್ ಮಾತಾಡುದ್? ರೇಡಿಯೋದಲ್ಲಿ ವಾರ್ತೆ ಓದ್ದಂಗ್ ಇತ್ತ್. ಹುಷಾರಿದ್ಯಾ ಹೆಣೆ?" ನಾನು ನಕ್ಕೆ. ಅತ್ತಿಗೆಯೂ ನಗಬಹುದೆಂದುಕೊಂಡಿದ್ದೆ. ಅವರು ಫೋನನ್ನು ನನ್ನ ಕೈಗೆ ಹಿಂದಿರುಗಿಸಿ, ಬಾಲ್ಕನಿಯ ಬಟ್ಟೆ ಒಣಗಿತೇ ಎಂದು ವಿಚಾರಿಸಿದರು.

ಕೊನೆಯದಾಗಿ ಇನ್ನೊಂದು ಫರ್ಮ್‌ವೇರ್ ಸಿಕ್ಕಿತು. ಮೊದಲಿನವನೇ ಅದಕ್ಕೂ ಹಿಂದೆ ಕಟ್ಟಿದ್ದು, ಆದರೂ ಆ್ಯಪ್ ನಡೆಯುವಷ್ಟು ಹೊಸದು. ಅದರಲ್ಲಿ ಮೈಕು ಕೆಲಸ ಮಾಡುತ್ತದೆ ಎಂದು ಯಾರೋ ಒಬ್ಬರು ಒಂದು ಸಾಲು ಬರೆದಿದ್ದರು. ಮತ್ತೊಂದು ಭಾನುವಾರ ಅತ್ತಿಗೆಯ ಕೋಣೆಯಲ್ಲಿ ಕೂತೆ. ಈ ಸಲ ಅವರು ಮಲಗಿಕೊಂಡೇ ಇದ್ದರು. ಅಳಿಸುವುದೆಲ್ಲ ಸರಿಯಾಗಿ ನಡೆಯಿತು. ಬರೆಯುತ್ತಿರುವಾಗ ಅರ್ಧಕ್ಕೆ ಕೆಂಪು ಅಕ್ಷರ ಬಂದು ನಿಂತಿತು, ಬರೆಯಲು ಆಗುತ್ತಿಲ್ಲ ಎಂದು. ಮತ್ತೆ ಪ್ರಯತ್ನಿಸಿದೆ, ಅದೇ. ಆರಿಸಿ ಹಚ್ಚಿದೆ. ಹತ್ತಲಿಲ್ಲ. ಕಂಪನಿಯ ಗುರುತೂ ಇಲ್ಲ, ಉಂಗುರವೂ ಇಲ್ಲ. ಚಾರ್ಜಿಗೆ ಹಾಕಿದರೂ ಒಂದು ಚೂರು ಬೆಳಕಿಲ್ಲ. ಲ್ಯಾಪ್‌ಟಾಪು ಅದನ್ನು ಗುರುತಿಸಲೇ ಇಲ್ಲ.

ಅಣ್ಣಾ ನಗರದಲ್ಲಿ ಮೊಬೈಲ್ ರಿಪೇರಿಯ ಒಂದು ಅಂಗಡಿಗೆ ಕೊಟ್ಟೆ. ಅಲ್ಲಿಯವನು ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ, "ಮೆಮೊರಿ ಪೋಯಿಡುಚ್ಚು ಮೇಡಂ" ಎಂದ. ಮೆಮೊರಿ ಚಿಪ್ಪೇ ಸತ್ತಿದೆ, ವಯಸ್ಸಾದ ಫೋನು, ಈ ಮಾಡೆಲ್ಲಿನ ಬಿಡಿಭಾಗ ಈಗ ಎಲ್ಲೂ ಬರುವುದಿಲ್ಲ. ಅಂಥದೇ ಇನ್ನೊಂದು ಹಳೆಯ ಫೋನು ಸಿಗಬಹುದೇ ಎಂದು ಕೇಳಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಬೇರೆ ಅಂಗಡಿಗಳಲ್ಲೂ ವಿಚಾರಿಸಿದೆ, ಇಂಟರ್ನೆಟ್ಟಿನಲ್ಲೂ ಹುಡುಕಿದೆ. ಸಿಕ್ಕ ಒಂದರ ಸ್ಕ್ರೀನು ಒಡೆದಿತ್ತು, ಇನ್ನೊಂದನ್ನು ಮಾರುವವರು ಮತ್ತೆ ಉತ್ತರಿಸಲಿಲ್ಲ. ಸಿಕ್ಕಿದ್ದರೂ ಅದಕ್ಕೆ ಹಾಕಬೇಕಾದದ್ದು ಮೈಕು ಸತ್ತ ಫರ್ಮ್‌ವೇರ್, ಇಲ್ಲವೇ ಯಾರೋ ಬರೆದ ಒಂದು ಸಾಲನ್ನು ನಂಬಿ ಅದಕ್ಕೂ ಹಿಂದಿನದು. ಅದು ತಿಳಿದಿದ್ದೂ ಹುಡುಕುತ್ತಿದ್ದೆ.

ಹೇಗೆ ಹೇಳುವುದು ಎಂದು ತಿಳಿಯದೆ ಫೋನನ್ನು ತಂದು ಅವರ ಕೈಯಲ್ಲೇ ಇಟ್ಟೆ. ಹೆಬ್ಬೆರಳಿನಿಂದ ಹಸಿರು ಬಟನ್ ಹುಡುಕಿ ಒತ್ತಿದರು. ಮತ್ತೆ ಒತ್ತಿದರು.

"ಹೋಯ್ತಾ?"

"ಹೋಯ್ತು ಅತ್ತಿಗೆ."

"ಪರವಾಯಿಲ್ಲ ಬಿಡು. ನೀನಾದ್ರೂ ಎಷ್ಟು ಅಂತ ಮಾಡ್ತಿ." ಎದ್ದು ಗೋಡೆ ಹಿಡಿದುಕೊಂಡು ಬಚ್ಚಲ ಕಡೆ ಹೋದರು. ಬಹಳ ಹೊತ್ತು ನಲ್ಲಿಯ ಸದ್ದು ಕೇಳಿಸುತ್ತಿತ್ತು.

ಈಗ ಗೆಳತಿಯ ಸಂದೇಶಗಳು ನನ್ನ ಫೋನಿಗೆ ಬರುತ್ತವೆ, ದಿನಾ ಅಲ್ಲ, ಯಾವಾಗಲೋ ಒಮ್ಮೆ. ಹೋದ ವಾರ ಒಂದು ಬಂತು. ಸಂಜೆ ಮನೆಗೆ ಬಂದು, ಕೇಳಿ ಎಂದು ಅತ್ತಿಗೆಯ ಕೈಗೆ ಕೊಡಹೋದೆ.

"ನೀನೇ ಕೇಳಿ, ಎಂತ ಅಂತ ಹೇಳು. ಸಾಕು" ಎಂದರು.

ಅಡುಗೆಮನೆಯಲ್ಲಿ ನಿಂತು ಕೇಳಿದೆ. ಹಲಸಿನ ಹಪ್ಪಳ ಒಣಹಾಕಿದ ಅಂಗಳಕ್ಕೆ ಯಾರ ಮನೆಯದೋ ಕರು ನುಗ್ಗಿದ್ದು, ಸೊಸೆ ಕೋಲು ಹಿಡಿದು ಓಡಿ ತಾನೇ ಹಪ್ಪಳದ ಮೇಲೆ ಕಾಲಿಟ್ಟದ್ದು, ಏನೇನೋ ಇತ್ತು. ನಡುವೆ ಗೆಳತಿ ತಾವೇ ನಗುತ್ತಿದ್ದುದರಿಂದ ಅರ್ಧ ನನಗೆ ತಿಳಿಯಲಿಲ್ಲ. ಅವರ ಮಾತಿನ ಓಟಕ್ಕೆ ನನ್ನ ಕಿವಿ ಇನ್ನೂ ಪಳಗಿಲ್ಲ. ಅತ್ತಿಗೆಯ ಬಳಿ ಹೋಗಿ, "ಹಲಸಿನ ಹಪ್ಪಳ ಮಾಡಿದ್ರಂತೆ. ಕರು ಬಂದು ಸ್ವಲ್ಪ ಹಾಳು ಮಾಡ್ತಂತೆ. ಎಲ್ಲಾರೂ ಚೆನ್ನಾಗಿದ್ದಾರಂತೆ, ನಿಮ್ಮನ್ನ ಕೇಳಿದ್ದಾರೆ" ಎಂದೆ.

"ಹೌದಾ" ಎಂದರು ಅತ್ತಿಗೆ. "ನಾವೂ ಚೆನ್ನಾಗಿದ್ದೇವೆ ಅಂತ ಹಾಕು" ಎಂದರು.

ಟೈಪ್ ಮಾಡಿ ಕಳಿಸಿದೆ. ಅಲ್ಲಿ ಅದನ್ನು ಸೊಸೆ ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಓದಿ ಹೇಳಿರಬೇಕು.